ಹಾರುವ ಕಾಲ, ಸೇರುವ ಕಾಲ

ಎರಡು ಊರುಗಳ ನಡುವಣ ದೂರವನ್ನು ವೇಗದಿಂದ ಭಾಗಿಸಿದರೆ ಪ್ರಯಾಣದ ಕಾಲವು ದೊರೆಯುವುದೆಂದು ಗಣಿತಶಾಸ್ತ್ರವು ಹೇಳುತ್ತದೆ. ಚರಿತ್ರೆಯು ಇದನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಮುಂಬಯಿಗೂ ಮದರಾಸಿಗೂ ನಡುವೆ ಏರ್ಪಟ್ಟ ಮಾರ್ಗಗಳ ವೃತ್ತಾಂತವೇ ಇದಕ್ಕೆ ನಿದರ್ಶನವಾಗಿದೆ.

1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುಹಾದಿಯೂ ಮದರಾಸಿನ ಕಡೆಯಿಂದ ಬಂದ ಹಾದಿಯೂ ರಾಯಚೂರಿನಲ್ಲಿ ಕೂಡಿದುವು. ಒಟ್ಟು ಹಾದಿಯು ಸುಮಾರು 800 ಮೈಲಿ. ವಾರಗಟ್ಟಲೆ ಹಿಡಿಯುತ್ತಿದ್ದ ಪಯಣವು ದಿನಗಳಿಗೆ ಇಳಿಯಿತು. ರಾಯಚೂರಿನ ಸಮೀಪದ ಕಲ್ಲೂರಿನಂತಹ ಗ್ರಾಮಗಳವರಿಗೆ ಗಾಡಿಯನ್ನು ಹೂಡಿ ನಿಲ್ದಾಣವನ್ನು ಸೇರಿದರಾಯಿತು, ಎರಡು ಮಹಾನಗರಗಳೂ ಹತ್ತಿರವಾದುವು.

ಅರುವತ್ತೊಂದು ವರ್ಷಗಳ ತರುವಾಯ ಗಗನಮಾರ್ಗವು ತೆರೆಯಿತು. 1932ನೆಯ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾರವರು ಕರಾಚಿಯಿಂದ ಅಹಮದಾಬಾದಿನ ಮೂಲಕ ಅಂಚೆಯನ್ನು ಮುಂಬಯಿಯ ಜುಹೂ ಮೈದಾನಕ್ಕೆ ತಂದರು. ಅಲ್ಲಿಂದ ಅದನ್ನು ಮದರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್ ಎಂಬವರು. ಭೂಪಟದಲ್ಲಿ ಈ ಎರಡು ನಗರಗಳ ನಡುವೆ ನೇರವಾದ ಗೆರೆಯನ್ನೆಳೆದರೆ ಅದು ಸಿರುಗುಪ್ಪದ ಬಳಿಯಲ್ಲಿ ತುಂಗಭದ್ರೆಯನ್ನು ದಾಟುತ್ತದೆ. ವಿಮಾನವು ಇಳಿದುದು ಆ ಗೆರೆಗೆ ಅನತಿದೂರದಲ್ಲಿರುವ ಬಳ್ಳಾರಿಯಲ್ಲಿ.

ಮುಂಬಯಿಯಿಂದ ಬಳ್ಳಾರಿಗೆ ಆಕಾಶದಲ್ಲಿ ಸುಮಾರು 380 ಮೈಲಿ. ಅಲ್ಲಿಂದ ಮದರಾಸಿಗೆ ಸುಮಾರು 265. ಆ ಪುಟ್ಟ ಪುಸ್ ಮಾತ್ ವಿಮಾನವು ಗಂಟೆಗೆ ನೂರು ಮೈಲಿಯಂತೆ ಸಾಗಿದರೂ ಆರೂವರೆ ಗಂಟೆ ಸಾಕು. ಆದರೆ ವಿನ್ಸೆಂಟರು ಬಳ್ಳಾರಿಯಲ್ಲಿ ರಾತ್ರಿಯನ್ನು ಕಳೆದು ಮರುದಿನವೇ ಮದರಾಸನ್ನು ಸೇರಿದರು. ವಿಮಾನದಲ್ಲಿ ರೇಡಿಯೋ ಇರಲಿಲ್ಲ. ನೆಲದಲ್ಲಿ ದಾರಿ ತೋರುವ ದೀಪಗಳಿರಲಿಲ್ಲ. ಸೂರ್ಯನು ಮುಳುಗಿದೊಡನೆ ವೇಗವೆಂಬುದು ನಿರರ್ಥಕವಾಗುತ್ತಿತ್ತು. ಹಾರುವ ಕಾಲವು ಆರೂವರೆ ಗಂಟೆ. ಸೇರುವ ಕಾಲದಲ್ಲಿ ಒಂದು ಇಡೀ ರಾತ್ರಿಯೂ ಕೂಡಿತ್ತು.

ಕತ್ತಲೆಯ ಆ ತಡೆಯು ಇಂದು ಇಲ್ಲ. ಮುಂಬಯಿಯಿಂದ ಚೆನ್ನೈಗೆ ಹೋಗುವ ವಿಮಾನಗಳು ಎರಡು ಗಂಟೆಯ ಆಸುಪಾಸಿನಲ್ಲಿ, ನಡುವೆ ಎಲ್ಲಿಯೂ ಇಳಿಯದೆ, ಈ ಸೀಮೆಯನ್ನು ದಾಟಿಹೋಗುತ್ತವೆ. ಕಲ್ಲೂರಿನವರು ಮುಂಬಯಿಗೆ ಹಾರಬೇಕಾದರೆ, 2008ರಲ್ಲಿ ತೆರೆದ ಹೈದರಾಬಾದಿನ ಶಂಷಾಬಾದ್ ನಿಲ್ದಾಣಕ್ಕೆ ಹೋಗುವುದುಂಟು. ಅಲ್ಲಿಂದ ಮುಂಬಯಿಗೆ ಸುಮಾರು 385 ಮೈಲಿ, ಎಂದರೆ ಅಂದಿನ ಬಳ್ಳಾರಿಯ ದೂರವೇ. ಹಾರುವ ಕಾಲವು ಒಂದೂವರೆ ಗಂಟೆ. ಆದರೆ ಶಂಷಾಬಾದನ್ನು ಸೇರಲು ನೂರು ಮೈಲಿಗೂ ಮಿಗಿಲಾದ ರಸ್ತೆಯನ್ನು ಸವೆಸಬೇಕು. ಸೇರಿದ ಮೇಲೆ ತಪಾಸಣೆಗಾಗಿ ಕಾಯಬೇಕು. ಆಕಾಶದಲ್ಲಿ ಉಳಿದ ಕಾಲವು ನೆಲದ ಮೇಲೆ ವ್ಯಯವಾಗುತ್ತದೆ.

ಆದುದರಿಂದ ಊರುಗಳ ಸಾಮೀಪ್ಯವನ್ನು ನಿರ್ಣಯಿಸುವುದು ವಾಹನದ ವೇಗವೊಂದೇ ಅಲ್ಲ; ಅದು ನಿಲ್ಲುವ ಸ್ಥಳವೂ ಹೌದು. 1871ರಲ್ಲಿ ರೈಲು ರಾಯಚೂರಿನಲ್ಲಿ ನಿಂತಿತು, ಕಲ್ಲೂರಿಗೆ ಮುಂಬಯಿ ಹತ್ತಿರವಾಯಿತು. ತಲೆಯ ಮೇಲೆ ಹಾದುಹೋಗುವ ವಿಮಾನವು ಎಷ್ಟೇ ವೇಗವಾಗಿದ್ದರೂ, ಕೆಳಗಿನ ಹೊಲದಲ್ಲಿ ನಿಂತವನಿಗೆ ಅದರಿಂದ ಒಂದು ಹರದಾರಿಯೂ ಕಡಮೆಯಾಗುವುದಿಲ್ಲ.