ಪಿಯೆರ್-ಸಿಮೋನ್ ಲಾಪ್ಲಾಸ್ ಸಂಸ್ಥೆ
ಪ್ಯಾರಿಸ್ ಮತ್ತು ಸುತ್ತಮುತ್ತಲ ಪ್ರಯೋಗಾಲಯಗಳ ಒಕ್ಕೂಟ. ವಾಯುಮಂಡಲ, ಸಾಗರ, ನೆಲ, ಅನ್ಯಗ್ರಹಗಳ ಪರಿಸರ ಇದರ ಅಧ್ಯಯನ ಕ್ಷೇತ್ರ. ವಾಯುಮಂಡಲ ವಿಜ್ಞಾನಿ ಜೆರಾರ್ ಮೆಜಿ 1991ರಲ್ಲಿ ಸ್ಥಾಪಿಸಿದರು. ಹೆಸರು ಗಣಿತಜ್ಞ ಲಾಪ್ಲಾಸ್‌ನದು (1749–1827).

ಬಿಡಿ ಪ್ರಯೋಗಾಲಯಗಳನ್ನು ನಿಜವಾಗಿ ಬೆಸೆದಿರುವುದು ಆಡಳಿತಕ್ಕಿಂತ ಹೆಚ್ಚಾಗಿ ಒಂದು ಹವಾಮಾನ ಮಾದರಿ. ವಾಯುಮಂಡಲಕ್ಕೆ ಎಲ್‌ಎಂಡಿಝಡ್, ಸಾಗರಕ್ಕೆ ನೆಮೊ, ನೆಲ ಮತ್ತು ಸಸ್ಯವರ್ಗಕ್ಕೆ ಆರ್ಕಿಡೀ ಎಂಬ ತಂತ್ರಾಂಶಗಳು ಲೆಕ್ಕ ನಡೆಯುತ್ತಿರುವಾಗಲೇ ಶಾಖ, ನೀರುಗಳ ಅಂಕಿಗಳನ್ನು ಒಂದಕ್ಕೊಂದು ದಾಟಿಸುತ್ತವೆ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯಾದ ಐಪಿಸಿಸಿಯ ವರದಿಗಳಿಗೆ ಆಧಾರವಾದ ಮಾದರಿಗಳಲ್ಲಿ ಈ ಹವಾಮಾನ ಮಾದರಿಯೂ ಒಂದು. ವಾಯುಮಂಡಲದ ಲೆಕ್ಕಾಚಾರವನ್ನು ಮಂಗಳ ಗ್ರಹಕ್ಕೂ ಒಗ್ಗಿಸಿರುವುದು ವಿಶೇಷ. ಅಲ್ಲಿ ಮಳೆಯ ಚಿಂತೆಯಿಲ್ಲ, ಧೂಳಿನದೇ ಕಾಟ. ಪ್ಯಾರಿಸ್ ಬಳಿಯ ಪಾಲೆಸೊದಲ್ಲಿರುವ ಒಕ್ಕೂಟದ ವೀಕ್ಷಣಾಲಯದಲ್ಲಿ ಲೈಡಾರ್ (ಲೇಸರ್ ಮಾಪಕ), ರೇಡಾರ್‌ಗಳಿಂದ ಮೋಡಗಳ ಎತ್ತರ, ದಪ್ಪ ಅಳೆಯುತ್ತಾರೆ.

ಪ್ರಾಚೀನ ಹಿಮದ ತಜ್ಞ ಜ್ಯಾಂ ಜೂಜೆಲ್ ಕೆಲಕಾಲ ನಿರ್ದೇಶಕರಾಗಿದ್ದರು. 2011ರಲ್ಲಿ ಇಸ್ರೊ ಹಾರಿಸಿದ ಭಾರತ-ಫ್ರಾನ್ಸ್ ಜಂಟಿ ಉಪಗ್ರಹ ಮೇಘಾ-ಟ್ರೋಪಿಕ್ಸ್‌ನ ವೈಜ್ಞಾನಿಕ ಕಾರ್ಯದಲ್ಲೂ ಒಕ್ಕೂಟದ ವಿಜ್ಞಾನಿಗಳ ಪಾಲಿತ್ತು.