ಕಣ್ಣು ಕಾಣದ ಇಂಜಿನಿಯರ್ ಮತ್ತು ನಮ್ಮ ಅಂಗಳದ ಕಾರು

ಸೌದಿಯಲ್ಲೋ ದುಬೈಯಲ್ಲೋ ಹತ್ತಿಪ್ಪತ್ತು ವರ್ಷ ಗಾಡಿ ಓಡಿಸಿ ಬಂದವರು ನಮ್ಮ ಕುಟುಂಬಗಳಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರಲ್ಲಿ 120ರ ಗಂಟೆಯ ಬಗ್ಗೆ ಕೇಳಿ ನೋಡಿ. ಅಲ್ಲಿನ ಹಳೆಯ ಗಾಡಿಗಳಲ್ಲಿ ಮುಳ್ಳು 120 ದಾಟಿದ ಕೂಡಲೇ ಡ್ಯಾಶ್‌ಬೋರ್ಡಿನ ಒಳಗಿನಿಂದ ಒಂದು ಸದ್ದು ಶುರುವಾಗುತ್ತಿತ್ತು, ವೇಗ ಇಳಿಸುವ ತನಕ ಬಿಡುತ್ತಿರಲಿಲ್ಲ. ಅದರ ಕಿರಿಕಿರಿ ತಾಳಲಾರದೆ ವಯರನ್ನೇ ಕೀಳಿಸಿದವರ ಕಥೆಗಳೂ ಇವೆ. ನಮ್ಮ ದೇಶದಲ್ಲಿ ಅಂಥ ಗಂಟೆ ಕಡ್ಡಾಯವಾದದ್ದು 2019ರ ಜುಲೈ 1ರಿಂದ. 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಹೊಡೆದುಕೊಳ್ಳುತ್ತದೆ. ಹಿಂದಕ್ಕೆ ತೆಗೆಯುವಾಗ ಕೂಗುವ ಸೆನ್ಸರ್ ಕೂಡ ಅದೇ ದಿನದಿಂದ ಕಡ್ಡಾಯವಾಯಿತು.

ಈಗ ಗಲ್ಫಿನಿಂದ ಮಕ್ಕಳು ಊರಿನಲ್ಲಿ ತೆಗೆದಿಡುವ ಕಾರುಗಳು ಗಂಟೆ ಹೊಡೆದು ಸುಮ್ಮನಾಗುವವಲ್ಲ. ತಾವೇ ಬ್ರೇಕ್ ಹಾಕುತ್ತವೆ, ಗೆರೆ ದಾಟಿದರೆ ಸ್ಟೇರಿಂಗ್ ಎಳೆಯುತ್ತವೆ. ಶೋರೂಮಿನವರು ಇದಕ್ಕೆ ಅಡಾಸ್ ಎನ್ನುತ್ತಾರೆ. ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಇದರ ಮೂಲ ಹುಡುಕುತ್ತಾ ಹೋದರೆ ಮೊದಲು ಸಿಗುವವನು ಕಣ್ಣು ಕಾಣದ ಒಬ್ಬ ಇಂಜಿನಿಯರ್.

ಅವನ ಹೆಸರು ರಾಲ್ಫ್ ಟೀಟರ್. 1890ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಹುಟ್ಟಿದವನು. ಐದನೇ ವಯಸ್ಸಿನಲ್ಲಿ ಚೂರಿ ತಾಗಿ ಒಂದು ಕಣ್ಣು ಹೋಯಿತು, ಸ್ವಲ್ಪ ಕಾಲದಲ್ಲಿ ಇನ್ನೊಂದೂ ಹೋಯಿತು. ಆದರೂ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದ. ಮೊದಲ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ಹಡಗುಗಳ ಟರ್ಬೈನ್ ಚಕ್ರಗಳನ್ನು ತೂಗಿಸಿ ಸರಿಮಾಡುವ ಕೆಲಸದಲ್ಲಿ ಕಣ್ಣಿದ್ದವರಿಗೆ ಸಿಗದ ಓಲಾಟವನ್ನು ಬೆರಳಿನಿಂದಲೇ ಹಿಡಿದ. ಅವನ ಮನೆತನದ ಕಂಪೆನಿ ತಯಾರಿಸುತ್ತಿದ್ದದ್ದು ಪಿಸ್ಟನ್ ರಿಂಗ್. ಹಳೆಯ ಜೀಪಿನ ಹಿಂದೆ ನೀಲಿ ಹೊಗೆ ಬಂದರೆ ಮೆಕ್ಯಾನಿಕ್ ‘ರಿಂಗ್ ಹೋಗಿದೆ’ ಎನ್ನುತ್ತಾನಲ್ಲ, ಅದೇ ರಿಂಗ್. ಎಂಜಿನ್ ಆಯಿಲನ್ನು ಸಮಯಕ್ಕೆ ಬದಲಿಸದಿದ್ದರೆ ಸವೆಯುವ ಭಾಗಗಳಲ್ಲಿ ಅದೂ ಒಂದು.

ಟೀಟರಿಗೆ ಒಬ್ಬ ವಕೀಲ ಗೆಳೆಯನಿದ್ದ. ಅವನ ಕಾರಿನಲ್ಲಿ ಕುಳಿತಾಗಲೆಲ್ಲ ಟೀಟರಿಗೆ ಒಂದು ಕಷ್ಟ. ವಕೀಲ ಮಾತಾಡುವಾಗ ಕಾರು ನಿಧಾನವಾಗುತ್ತಿತ್ತು, ಮಾತು ಕೇಳಿಸಿಕೊಳ್ಳುವಾಗ ಓಡುತ್ತಿತ್ತು. ಕಣ್ಣಿದ್ದವರು ಹೊರಗೆ ನೋಡುತ್ತಾ ಇದನ್ನು ಮರೆಯುತ್ತಾರೆ. ಕಾಣದವನಿಗೆ ಪ್ರತಿಯೊಂದು ಕುಲುಕಾಟವೂ ಮೈಗೆ ಗೊತ್ತಾಗುತ್ತದೆ. ಆಗ ಎರಡನೇ ಮಹಾಯುದ್ಧದ ಕಾಲ. ಮಲಯಾದ ರಬ್ಬರ್ ತೋಟಗಳು ಜಪಾನಿನ ಕೈಸೇರಿದ್ದರಿಂದ ಅಮೆರಿಕದಲ್ಲಿ ಟಯರಿಗೆ ಬರ. ಟಯರ್ ಉಳಿಸಲಿಕ್ಕೆಂದು ಸರಕಾರ ಇಡೀ ದೇಶಕ್ಕೆ ಗಂಟೆಗೆ 35 ಮೈಲಿನ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 56 ಕಿಲೋಮೀಟರಿನ ಮಿತಿ ಹಾಕಿತ್ತು. ಅಷ್ಟು ಕಡಿಮೆ ವೇಗದಲ್ಲಿ ಕಾಲನ್ನು ಹಿಡಿತದಲ್ಲಿಡುವುದು ಸುಲಭವಲ್ಲ. ಟೀಟರ್ ಕಾಲಿಗೆ ಬದಲಾಗಿ ವೇಗ ಹಿಡಿದಿಡುವ ಒಂದು ಯಂತ್ರ ಮಾಡಿದ. 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರಲ್ಲಿ ಕ್ರೈಸ್ಲರ್ ಕಂಪೆನಿ ಅದನ್ನು ತನ್ನ ಕಾರುಗಳಲ್ಲಿ ಕೊಟ್ಟಿತು. ಕ್ರೂಸ್ ಕಂಟ್ರೋಲ್ ಎಂಬ ಹೆಸರು ಕ್ಯಾಡಿಲಾಕಿನವರು ಇಟ್ಟದ್ದು. ಕ್ರೈಸ್ಲರ್ ಇಟ್ಟ ಹೆಸರು ‘ಆಟೋ ಪೈಲಟ್’. ನನ್ನ ಮಟ್ಟಿಗೆ ತಪ್ಪು ಹೆಜ್ಜೆ ಬಿದ್ದದ್ದು ಅಲ್ಲೇ. ವೇಗ ಮಾತ್ರ ಹಿಡಿದಿಡುವ, ಎದುರಿನ ಲಾರಿಯ ಸುದ್ದಿಯೇ ಗೊತ್ತಿಲ್ಲದ ಒಂದು ಯಂತ್ರಕ್ಕೆ ವಿಮಾನ ಹಾರಿಸುವವನ ಹೆಸರು! ಡ್ರೈವರಿಗೆ ಕೊಡುವ ಸಹಾಯವನ್ನು ಡ್ರೈವರೇ ಬೇಡ ಎನ್ನುವ ಹಾಗೆ ಮಾರುವ ಚಾಳಿ ಇಂದಿಗೂ ನಿಂತಿಲ್ಲ.

ಇನ್ನೊಂದು ಕಥೆ ಗಲ್ಫಿಗೆ ಸೇರಿದ್ದು. ಅಲ್ಲಿ ದುಡಿದ ನಮ್ಮವರು ಕೆಲವರಿಗೆ ನೆನಪಿರಬಹುದು. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಿಗೆ ಫೈರ್‌ಸ್ಟೋನ್ ಟಯರ್ ಬರುತ್ತಿತ್ತು. ಬಿಸಿಲಿನಲ್ಲಿ ವೇಗವಾಗಿ ಓಡುವಾಗ ಆ ಟಯರಿನ ಮೇಲಿನ ಪದರ ಕಿತ್ತು ಗಾಡಿ ಪಲ್ಟಿ ಹೊಡೆಯುತ್ತಿತ್ತು. 1999ರಲ್ಲಿ ಫೋರ್ಡ್ ಸೌದಿ ಮತ್ತು ಸುತ್ತಲಿನ ದೇಶಗಳಲ್ಲಿ ಈ ಟಯರುಗಳನ್ನು ಬದಲಿಸಿ ಕೊಡಲು ತೊಡಗಿತು. ಆಗ ಅಮೆರಿಕದವರಿಗೆ ಇದರ ಗಾಳಿಸುದ್ದಿಯೂ ಇರಲಿಲ್ಲ. ಮರಳಿನಲ್ಲಿ ಓಡಿಸಲು ಗಾಳಿ ಇಳಿಸುತ್ತಾರೆ, ಮತ್ತೆ ತುಂಬದೆ ಹೈವೇಗೆ ಹತ್ತುತ್ತಾರೆ ಎಂದು ತಪ್ಪನ್ನು ಅಲ್ಲಿನ ಡ್ರೈವರುಗಳ ತಲೆಗೆ ಕಟ್ಟುವ ಮಾತೂ ಬಂತು. ಮರುವರ್ಷ ಅಮೆರಿಕದಲ್ಲೇ ಸತ್ತವರ ಲೆಕ್ಕ ಹೊರಬಂದಾಗ ಆ ಮಾತು ನಿಲ್ಲಲಿಲ್ಲ. 2000ದ ಆಗಸ್ಟಿನಲ್ಲಿ 65 ಲಕ್ಷ ಟಯರುಗಳನ್ನು ವಾಪಸು ಕರೆದರು. ಅಮೆರಿಕವೊಂದರಲ್ಲೇ ಸತ್ತವರು 200ಕ್ಕೂ ಹೆಚ್ಚು. ಫೋರ್ಡ್ 26 ಪೌಂಡ್ ಗಾಳಿ ಸಾಕು ಎಂದಿತ್ತು, ಟಯರಿನವರು 30 ಬೇಕು ಎಂದರು. ಇಬ್ಬರ ಜಗಳದಲ್ಲಿ ಸುಮಾರು ನೂರು ವರ್ಷದ ವ್ಯಾಪಾರ ಸಂಬಂಧವೇ ಮುರಿಯಿತು.

ಆ ಸಾವುಗಳಿಂದ ಬಂದ ಕಾನೂನಿನ ಫಲವಾಗಿ ಟಯರಿನ ಗಾಳಿ ಕಡಿಮೆಯಾದರೆ ಹಳದಿ ದೀಪ ಹೊತ್ತುವ ವ್ಯವಸ್ಥೆ ಅಮೆರಿಕದಲ್ಲಿ ಕಡ್ಡಾಯವಾಯಿತು. ಈಗ ನಮ್ಮ ಕಾರುಗಳಲ್ಲೂ ಅದು ಬರುತ್ತಿದೆ. ಆದರೆ ಅಲ್ಲಿನ ನಿಯಮದ ಪ್ರಕಾರ ದೀಪ ಹೊತ್ತಬೇಕಾದದ್ದು ಗಾಳಿ ಕಾಲು ಭಾಗ ಇಳಿದ ಮೇಲೆ. 32 ಇರಬೇಕಾದಲ್ಲಿ 24ಕ್ಕೆ ಬಂದಾಗ. ಹಾಗಾಗಿ ದೀಪ ಹೊತ್ತಿಲ್ಲ ಎಂದರೆ ಗಾಳಿ ಸರಿಯಿದೆ ಎಂದು ಅರ್ಥವಲ್ಲ. ತಿಂಗಳಿಗೊಮ್ಮೆ, ಟಯರ್ ತಣ್ಣಗಿರುವಾಗ ನೋಡಬೇಕು. ಎಷ್ಟು ಬೇಕೆಂದು ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಚೀಟಿ ಅಂಟಿಸಿರುತ್ತಾರೆ. ಪಂಪಿನ ಹುಡುಗನಿಗೆ ಎಲ್ಲ ಗಾಡಿಗೂ ಒಂದೇ ಲೆಕ್ಕ, ನೀವೇ ಹೇಳಿ ಹಾಕಿಸಬೇಕು. ಜತೆಗೆ ಸ್ಟೆಪ್ನಿಯನ್ನೂ ನೋಡಿಸಿ. (ಸ್ಟೆಪ್ನಿ ಎಂಬುದು ವೇಲ್ಸ್ ದೇಶದ ಲನೆತ್ಲಿ ಎಂಬ ಊರಿನ ಒಂದು ಬೀದಿಯ ಹೆಸರು. 1904ರಲ್ಲಿ ಅಲ್ಲಿನ ಅಂಗಡಿಯವರು ಬದಲಿ ಚಕ್ರ ಮಾರಲು ಶುರು ಮಾಡಿದರು. ಆ ಬೀದಿಯ ಹೆಸರು ಉಪ್ಪಳದ ಪಂಕ್ಚರ್ ಅಂಗಡಿಯ ತನಕ ಬಂದಿದೆ.)

ಟಯರಿನ ಬಗ್ಗೆ ಇಷ್ಟು ಹೇಳಲು ಕಾರಣವಿದೆ. ಅಡಾಸಿನ ಯಾವ ಉಪಕಾರವೂ ಕೊನೆಗೆ ನೆಲಕ್ಕೆ ಮುಟ್ಟುವುದು ಟಯರಿನ ಮೂಲಕ, ಒಂದೊಂದು ಟಯರ್ ನೆಲಕ್ಕೆ ತಾಗುವುದು ಅಂಗೈಯಷ್ಟು ಜಾಗದಲ್ಲಿ. 1978ರಲ್ಲಿ ಬಾಷ್ ಕಂಪೆನಿ ಮರ್ಸಿಡಿಸ್ ಕಾರಿಗೆ ಕೊಟ್ಟ ಎಬಿಎಸ್ ಮಾಡುವುದೇನು? ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗಿ ಜಾರದಂತೆ ಸೆಕೆಂಡಿಗೆ ಹಲವು ಬಾರಿ ಬ್ರೇಕನ್ನು ಬಿಟ್ಟು ಹಿಡಿಯುವುದು. ಅದಕ್ಕಾಗಿ ಚಕ್ರಗಳ ವೇಗ ನೋಡುವ ಸೆನ್ಸರುಗಳನ್ನು ಹಾಕಿದರು. 1990ರ ದಶಕದಲ್ಲಿ ಅದೇ ಸೆನ್ಸರುಗಳ ಮೇಲೆ ಇಎಸ್‌ಪಿ ಕಟ್ಟಿದರು, ತಿರುವಿನಲ್ಲಿ ಗಾಡಿ ಅಡ್ಡ ಜಾರಿದರೆ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ ನೇರ ಮಾಡುವ ಉಪಾಯ. ಮೊದಲಿಗೆ ಅದು ದೊಡ್ಡ ಕಾರಿನವರಿಗೆ ಮಾತ್ರ. 1997ರಲ್ಲಿ ಸ್ವೀಡನ್ನಿನ ಒಂದು ವಾಹನ ಪತ್ರಿಕೆಯವರು ಮರ್ಸಿಡಿಸ್‌ನ ಹೊಸ ಸಣ್ಣ ಕಾರನ್ನು, ರಸ್ತೆಗೆ ಕಡವೆಯಂಥ ಪ್ರಾಣಿ ಅಡ್ಡ ಬಂದರೆ ತಪ್ಪಿಸುವ ಹಾಗೆ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದರು. ಕಾರು ಮಗುಚಿತು. ಕಂಪೆನಿಗೆ ಬೇರೆ ದಾರಿಯಿಲ್ಲದೆ ಆ ಸಣ್ಣ ಕಾರಿಗೂ ಇಎಸ್‌ಪಿ ಹಾಕಿ ಕೊಡಬೇಕಾಯಿತು. ಇಂದು ತಾನಾಗಿ ಬ್ರೇಕ್ ಹಾಕುವ ಕಾರು ಬಳಸುವುದೂ ಇದೇ ಎಬಿಎಸ್ ಪಂಪನ್ನೇ.

ನಮ್ಮ ದೇಶದಲ್ಲಿ 2019ರ ಏಪ್ರಿಲಿನಿಂದ ಎಲ್ಲ ಹೊಸ ಕಾರಿಗೂ ಎಬಿಎಸ್ ಕಡ್ಡಾಯ. ಆದರೆ ಅದು ಕೆಲಸ ಮಾಡುವಾಗ ಪೆಡಲು ಕಾಲಿನಡಿಯಲ್ಲಿ ದಡದಡ ಅದುರುತ್ತದೆ ಎಂದು ಎಷ್ಟು ಮಂದಿಗೆ ಗೊತ್ತು? ಏನೋ ಮುರಿಯಿತು ಎಂದು ಹೆದರಿ ಕಾಲು ತೆಗೆಯುವವರಿದ್ದಾರೆ. ತೆಗೆಯಬಾರದು, ಒತ್ತಿ ಹಿಡಿದು ಸ್ಟೇರಿಂಗಿನಲ್ಲಿ ದಾರಿ ಮಾಡಿಕೊಳ್ಳಬೇಕು. ಜಲ್ಲಿ, ಸಡಿಲ ಮಣ್ಣಿನಲ್ಲಿ ಮಾತ್ರ ಎಬಿಎಸ್ ಇದ್ದರೂ ಗಾಡಿ ಸ್ವಲ್ಪ ದೂರ ಹೋಗಿಯೇ ನಿಲ್ಲುತ್ತದೆ, ನಮ್ಮ ಒಳದಾರಿಗಳಲ್ಲಿ ನೆನಪಿರಲಿ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ. ಡಾಟ್ 4 ಎಂಬ ಆಯಿಲ್ ಹೊಸದಿರುವಾಗ 230 ಡಿಗ್ರಿಯ ತನಕ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬಿಸಿಯಾದ ಬ್ರೇಕಿನಲ್ಲಿ ಆಯಿಲ್ ಕುದಿದರೆ ಪೆಡಲು ನೆಲಕ್ಕೆ ಹೋಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕಾಸರಗೋಡಿನಲ್ಲಿ, ಕಡಲ ಗಾಳಿ ಕುಡಿಯುವ ಗಾಡಿಗೆ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ದುಂದುವೆಚ್ಚವಲ್ಲ.

ಕಾರಿಗೆ ಕಣ್ಣು ಕೊಡುವ ಕೆಲಸದಲ್ಲಿ ಮುಂದೆ ಹೋದವರು ಜಪಾನಿನವರು. 1992ರಲ್ಲಿ ಮಿತ್ಸುಬಿಷಿ ಎದುರಿನ ಗಾಡಿ ಹತ್ತಿರವಾದರೆ ಎಚ್ಚರಿಸುವ ಕಾರು ತಂದಿತು. 1999ರಲ್ಲಿ ಮರ್ಸಿಡಿಸ್ ರಾಡಾರ್ ಹಾಕಿ ಟೀಟರನ ಕ್ರೂಸಿಗೆ ಮುಂದಿನ ಗಾಡಿ ನೋಡಿ ನಿಧಾನವಾಗುವ ಬುದ್ಧಿ ಕೊಟ್ಟಿತು. 2003ರಲ್ಲಿ ಹೋಂಡಾ, 2008ರಲ್ಲಿ ವೋಲ್ವೋ ತಾನಾಗಿ ಬ್ರೇಕ್ ಹಾಕುವ ಕಾರುಗಳನ್ನು ತಂದವು. ನಮ್ಮಲ್ಲಿ ಇದು ಸಾಮಾನ್ಯರ ಬಾಯಿಗೆ ಬಂದದ್ದು 2020ರ ಎಂಜಿ ಗ್ಲೋಸ್ಟರ್, 2021ರ ಮಹೀಂದ್ರಾ ಎಕ್ಸ್‌ಯುವಿ 700 ಬಂದ ಮೇಲೆ. ಇವುಗಳಿಗೆ ಒಂದು, ಎರಡು ಎಂದು ‘ಲೆವೆಲ್’ ಹೇಳುತ್ತಾರಲ್ಲ, ಆ ಲೆಕ್ಕವನ್ನು 2014ರಲ್ಲಿ ಪ್ರಕಟಿಸಿದ ಎಸ್‌ಎಇ ಎಂಬ ಇಂಜಿನಿಯರುಗಳ ಸಂಘಕ್ಕೆ 1936ರಲ್ಲಿ ಅಧ್ಯಕ್ಷನಾಗಿದ್ದವನು ಇದೇ ಟೀಟರ್. ಆ ಲೆಕ್ಕದ ಪ್ರಕಾರ ಲೆವೆಲ್ ಎರಡರಲ್ಲೂ ಓಡಿಸುವವರು ನೀವೇ. ಸ್ಟೇರಿಂಗ್, ಬ್ರೇಕ್ ಎರಡನ್ನೂ ಕಾರು ಹಿಡಿದಿದ್ದರೂ ಕಣ್ಣು ರಸ್ತೆಯ ಮೇಲಿರಬೇಕಾದದ್ದು ನಿಮ್ಮದು.

ತಲಪಾಡಿಯಿಂದ ಚೆಂಗಳದ ತನಕ ಸುಮಾರು 39 ಕಿಲೋಮೀಟರ್ ಆರು ಲೇನಿನ ರಸ್ತೆ ಬಂದಿದೆ. ಮಂಗಳೂರಿನ ಆಸ್ಪತ್ರೆಗೆ, ವಿಮಾನ ನಿಲ್ದಾಣಕ್ಕೆ ಹೊತ್ತಲ್ಲದ ಹೊತ್ತಿಗೆ ಹೋಗುವವರು ನಾವು. ಅಂಥ ನೇರ ರಸ್ತೆಯಲ್ಲಿ, ಗೆರೆ ಸ್ಪಷ್ಟ ಇರುವಲ್ಲಿ, ಈ ಸೌಕರ್ಯಗಳಿಂದ ಕಾಲಿಗೂ ತಲೆಗೂ ನಿಜವಾಗಿ ಆರಾಮ. ಸರ್ವಿಸ್ ರೋಡಿಗೆ ಇಳಿದ ಮೇಲೆ ಕಥೆ ಬೇರೆ. ವನ್‌ವೇಯಲ್ಲಿ ಎದುರು ಬರುವ ಸ್ಕೂಟರ್, ಸಂದಿನಲ್ಲಿ ನುಗ್ಗುವ ರಿಕ್ಷಾ ಕಂಡು ಕಾರು ಗಕ್ಕನೆ ಬ್ರೇಕ್ ಹಾಕಿದರೆ ಹಿಂದಿನ ಲಾರಿಯವನಿಗೆ ಅದು ಗೊತ್ತಿಲ್ಲ. ಪೇಟೆಯೊಳಗೆ ಕ್ರೂಸ್ ಮತ್ತು ಲೇನ್ ಹಿಡಿಯುವುದನ್ನು ಆಫ್ ಮಾಡುವುದೇ ಸರಿ ಎಂದು ನನ್ನ ಅಭಿಪ್ರಾಯ. ತುರ್ತು ಬ್ರೇಕನ್ನು ಮಾತ್ರ ಇರಲಿ ಬಿಡಿ. ಜೋರು ಮಳೆಯಲ್ಲಿ ಕ್ರೂಸ್ ಬೇಡವೇ ಬೇಡ, ನೀರಿನ ಮೇಲೆ ಟಯರ್ ತೇಲಿದರೆ ಕಾಲು ತಟ್ಟನೆ ಸಿದ್ಧವಿರಬೇಕು. ಟಯರಿನ ಗೀರಿನ ತಳದಲ್ಲಿ ಸಣ್ಣ ದಿಬ್ಬಗಳಿರುತ್ತವೆ, ಎತ್ತರ 1.6 ಮಿಲಿಮೀಟರ್. ಟಯರ್ ಆ ಮಟ್ಟಕ್ಕೆ ಸವೆದರೆ ಮಳೆಗಾಲಕ್ಕೆ ಕಾಯಬೇಡಿ. ಅಂಗೈಯನ್ನು ಟಯರಿನ ಮೇಲೆ ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಸವರಿ ನೋಡಿ. ಒಂದು ಕಡೆಗೆ ನಯವಾಗಿ ಇನ್ನೊಂದು ಕಡೆಗೆ ಗರಗಸದಂತೆ ತಾಗಿದರೆ ಅಲೈನ್‌ಮೆಂಟ್ ಹೋಗಿದೆ ಎಂದು ತಿಳಿಯಬೇಕು.

ಹೊಸ ಕಾರಿನ ಕ್ಯಾಮರಾ ಇರುವುದು ಮುಂದಿನ ಗಾಜಿನ ಒಳಗೆ, ಕನ್ನಡಿಯ ಹಿಂದೆ. ರಾಡಾರ್ ಹೆಚ್ಚಿನ ಕಾರುಗಳಲ್ಲಿ ಮುಂದಿನ ಲಾಂಛನದ ಹಿಂದೆಯೋ ಬಂಪರಿನ ಒಳಗೋ ಇರುತ್ತದೆ. ಮದುವೆಯ ಗಾಡಿಗೆ ಹೂವು ಕಟ್ಟುವವರಿಗೆ ಇದನ್ನು ಮೊದಲೇ ಹೇಳಬೇಕು. ಮುರಕಲ್ಲಿನ ಕೆಂಪು ಕೆಸರು ಅಲ್ಲಿ ಒಣಗಿ ಹತ್ತಿದ್ದರೂ ಕಾರಿಗೆ ಎದುರು ಕಾಣುವುದಿಲ್ಲ. ಗಾಜು ಒಡೆದು ಬದಲಿಸಿದರೆ ಕ್ಯಾಮರಾವನ್ನು ಮತ್ತೆ ಅಳತೆಗೆ ಕೂರಿಸಬೇಕು, ಕಂಪೆನಿಯವರು ಕ್ಯಾಲಿಬ್ರೇಶನ್ ಎನ್ನುವುದು ಇದನ್ನೇ. ಗಾಜಿನ ಅಂಗಡಿಯವನು ಕಡಿಮೆಗೆ ಮಾಡಿಕೊಡುತ್ತೇನೆ ಎಂದಾಗ ಆ ಕೆಲಸ ಸೇರಿದೆಯೇ ಎಂದು ಕೇಳಿ. ಬಂಪರ್ ತಾಗಿಸಿಕೊಂಡು ಪುಟ್ಟಿ ಹಚ್ಚಿ ದಪ್ಪ ಪೇಂಟ್ ಮಾಡಿಸಿದರೆ ರಾಡಾರಿಗೆ ಅದೂ ಅಡ್ಡಿ.

ಮಗ ರಜೆ ಮುಗಿಸಿ ಹೋದ ಮೇಲೆ ಕಾರು ಆರು ತಿಂಗಳು ಅಂಗಳದಲ್ಲಿ ನಿಲ್ಲುವ ಮನೆಗಳು ನಮ್ಮಲ್ಲಿ ಬಹಳ. ನಿಂತ ಕಾರು ಓಡುವ ಕಾರಿಗಿಂತ ಬೇಗ ಹಾಳಾಗುತ್ತದೆ. ಬ್ಯಾಟರಿ ಇಳಿದರೆ ಡ್ಯಾಶ್‌ಬೋರ್ಡಿನಲ್ಲಿ ಇರುವ ದೀಪಗಳೆಲ್ಲ ಒಟ್ಟಿಗೆ ಹೊತ್ತುತ್ತವೆ, ಅಡಾಸ್ ಕೆಟ್ಟಿತೆಂದು ಹೆದರುವ ಮೊದಲು ಬ್ಯಾಟರಿ ಚಾರ್ಜ್ ಮಾಡಿಸಿ ನೋಡಬೇಕು. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿದರೆ ಬ್ಯಾಟರಿಯೂ ಉಳಿಯುತ್ತದೆ, ಬ್ರೇಕ್ ಡಿಸ್ಕಿನ ತುಕ್ಕೂ ಹೋಗುತ್ತದೆ. ಬರೀ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೆ ಆಫ್ ಮಾಡಿದರೆ ಪ್ರಯೋಜನವಿಲ್ಲ. ನಿಲ್ಲಿಸುವ ಮೊದಲು ಹ್ಯಾಂಡ್ ಬ್ರೇಕ್ ಬಿಟ್ಟು ಚಕ್ರಕ್ಕೆ ಕಲ್ಲು ಇಡಿ. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ, ಇಲಿ ವಯರ್ ಕಡಿದಿದ್ದರೆ ಗೊತ್ತಾಗುತ್ತದೆ. ಕೂಲೆಂಟ್ ಕಡಿಮೆ ಕಂಡರೆ ಬಾವಿ ನೀರು ಸುರಿಯಬೇಡಿ.

ಈ ಕೆಲಸಕ್ಕೆ ಮನೆಯಲ್ಲಿ ಇರುವವರು ಯಾರು? ಹೆಚ್ಚಿನ ಕಡೆ ಉಮ್ಮ, ಸೊಸೆ, ಕಾಲೇಜಿಗೆ ಹೋಗುವ ಮಗಳು. ಕೀಲಿಯನ್ನು ನೆರೆಮನೆಯ ಹುಡುಗನಿಗೆ ಕೊಟ್ಟು ಹೋಗುವುದಕ್ಕಿಂತ ರಜೆಯಲ್ಲಿ ಒಂದು ಸಂಜೆ ಕುಳಿತು ಅವರಿಗೇ ಇದನ್ನೆಲ್ಲ ತೋರಿಸಿ ಹೋಗಬಾರದೇ? ರಾತ್ರಿ ಎದೆನೋವು ಎಂದು ತಲಪಾಡಿ ದಾಟಬೇಕಾದಾಗ ಮಗ ದೋಹಾದಲ್ಲಿರುತ್ತಾನೆ, ಸ್ಟೇರಿಂಗ್ ಹಿಡಿಯುವವರು ಇವರು. ಗಲ್ಫಿನಿಂದ ಬಂದ ಮಗನಿಗೂ ಮೊದಲ ವಾರ ಬಲಗಡೆಯ ಸ್ಟೇರಿಂಗಿಗೆ ಹೊಂದಿಕೊಳ್ಳಲಿಕ್ಕೆ ಬೇಕು, ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕುತ್ತಾನೆ. ಹೋಗುವ ಮೊದಲು ಅವನು ಮಾಡಬೇಕಾದ ಇನ್ನೊಂದು ಕೆಲಸವಿದೆ. ಟಯರಿನ ಬದಿಯಲ್ಲಿ ಒಂದು ಸಣ್ಣ ಚೌಕಟ್ಟಿನಲ್ಲಿ ನಾಲ್ಕು ಅಂಕೆ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಮಾಡಿದ ಟಯರ್. ನಾಲ್ಕು ಟಯರಿನದ್ದೂ ಸ್ಟೆಪ್ನಿಯದ್ದೂ ಬರೆದು ಆರ್‌ಸಿಯ ಜತೆ ಇಟ್ಟು ಹೋಗಲಿ.