ಹರಿಯಲೆಂದೇ ಮಾಡಿದ ಚೀಲ

ಹಳೆಯ ಪೊಟ್ಟಣ, ಲೇಬಲ್‌ಗಳ ಪ್ರದರ್ಶನವೊಂದಕ್ಕೆ ಸಾಮಗ್ರಿ ಹುಡುಕುತ್ತಿದ್ದವರು ಬೆಂಗಳೂರಿನ ಬಾಗಲಗುಂಟೆಯಲ್ಲಿ ಚೀಲ ಕತ್ತರಿಸುವ ಅಚ್ಚು (ಡೈ) ಕಟ್ಟುವ ನಮ್ಮ ಶೆಡ್ಡಿಗೂ ಒಮ್ಮೆ ಬಂದಿದ್ದರು. ಮೂವತ್ತು ವರ್ಷದ ಮಾದರಿಗಳನ್ನು ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದೆ. ಅವಲಕ್ಕಿಯ ಕಾಗದದ ಚೀಲವೊಂದನ್ನು ಹೊರತೆಗೆದೆ. ಮುಂಬದಿಯಲ್ಲಿ ಎಲೆಯಾಕಾರದ ಕಿಟಕಿ, ಬಾಯಿಯ ಬಳಿ ಕೂಪನ್ ಕಿತ್ತುಕೊಂಡ ಗರಗಸದಂಚು. ಬಂದವರು ಅದನ್ನು ತಿರುಗಿಸಿ ನೋಡಿ, ‘ಇದು ಹರಿದಿದೆಯಲ್ಲ, ಪೂರ್ತಿ ಇರೋದು ಇಲ್ವಾ?’ ಎಂದರು. ಆಮೇಲೆ ಪ್ರದರ್ಶನಕ್ಕೆ ಹೋಗಿ ನೋಡಿದೆ. ಗೋಡೆಯ ತುಂಬ ದೇವರು, ಹುಲಿ, ನವಿಲು, ಗಂಧದ ಸಾಬೂನಿನ ಶರಭ. ಅಷ್ಟೂ ಗೋಡೆಯಲ್ಲಿ ಒಂದು ತೂತಿರಲಿಲ್ಲ, ಒಂದು ಹರಕಿರಲಿಲ್ಲ.

ಪೊಟ್ಟಣದ ಚರಿತ್ರೆಯೆಂದರೆ ಅದರ ಮೇಲಿನ ಚಿತ್ರದ ಚರಿತ್ರೆ ಎಂಬ ನಂಬಿಕೆ ಈಚೆಗೆ ಬಲವಾಗಿದೆ. ಚಿತ್ರದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕಿಟಕಿಯಿರುವ, ಕೂಪನ್ ಕೀಳುವ ಚೀಲವನ್ನು ಚಿತ್ರ ಬರೆದವರಷ್ಟೇ ಮಾಡಲಿಲ್ಲ, ಕತ್ತರಿಸಿದವರೂ ಮಾಡಿದರು. ಆ ಕಡೆಯಿಂದ ಯಾರೂ ಬರೆದದ್ದು ಕಾಣದ್ದರಿಂದ ಈ ಸಮೀಕ್ಷೆ.

ಎಲೆಯಿಂದ ಚೀಲಕ್ಕೆ

ಶುರುವಿನ ಕತೆ ಬೇಗ ಮುಗಿಯುತ್ತದೆ. ಮುತ್ತುಗದ ಎಲೆ, ಬಾಳೆಯ ಒಣಪಟ್ಟೆ, ಅಡಿಕೆ ಹಾಳೆ. ಆಮೇಲೆ ಹಳೇ ಪೇಪರಿನ ಪೊಟ್ಟಣ ಮತ್ತು ನೂಲುಂಡೆ. ಆಗ ಕಿಟಕಿಯ ಅಗತ್ಯವೇ ಇರಲಿಲ್ಲ. ಸಾಮಾನು ಮೂಟೆಯಲ್ಲಿ ತೆರೆದೇ ಇರುತ್ತಿತ್ತು, ಗಿರಾಕಿ ಕೈ ಹಾಕಿ ನೋಡಿ ಮೂಸುತ್ತಿದ್ದ. ಪೊಟ್ಟಣ ಕಟ್ಟುತ್ತಿದ್ದುದು ಒಪ್ಪಿಗೆಯಾದ ಮೇಲೆ.

ಕಿಟಕಿ, ಕೂಪನ್ನಿನ ಚೀಲಕ್ಕೆ ಬೇಕಾದ ಸಲಕರಣೆಗಳೆಲ್ಲ ಹೊರದೇಶಗಳಲ್ಲಿ ಬಿಡಿಬಿಡಿಯಾಗಿ ಹುಟ್ಟಿದವು. ಚಪ್ಪಟೆ ತಳದ ಕಾಗದದ ಚೀಲ ಮಾಡುವ ಯಂತ್ರಕ್ಕೆ ಮಾರ್ಗರೆಟ್ ನೈಟ್ ಎಂಬ ಅಮೆರಿಕದ ಹೆಂಗಸು 1871ರಲ್ಲಿ ಪೇಟೆಂಟ್ ಪಡೆದಳು. ಕೂಪನ್ನನ್ನು ಮಾರಾಟದ ಆಯುಧ ಮಾಡಿದ್ದು 1880ರ ದಶಕದ ಕೊನೆಯಲ್ಲಿ ಕೋಕಾ-ಕೋಲಾ. ಕಿಟಕಿಯಿರುವ ಲಕೋಟೆಗೆ ಶಿಕಾಗೋದ ಅಮೆರಿಕಸ್ ಕ್ಯಾಲಹನ್ 1902ರಲ್ಲಿ ಪೇಟೆಂಟ್ ಮಾಡಿಸಿದ. ಸ್ವಿಸ್ ರಸಾಯನಶಾಸ್ತ್ರಜ್ಞ ಬ್ರಾಂಡನ್‌ಬರ್ಗರ್ ಪಾರದರ್ಶಕ ಸೆಲೊಫೇನ್ ಹಾಳೆ ಕಂಡುಹಿಡಿದದ್ದೂ ಅದೇ ದಶಕದಲ್ಲಿ. ಕಾಗದ ಮಾತ್ರ ನಮ್ಮಲ್ಲೇ ಆಗುತ್ತಿತ್ತು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ 1936ರದು, ದಾಂಡೇಲಿಯ ವೆಸ್ಟ್ ಕೋಸ್ಟ್ 1955ರದು.

ಕೀಳುವ ಚೀಟಿ ಮಾತ್ರ ನಮಗೆ ಜಾಹೀರಾತಿನ ದಾರಿಯಲ್ಲಿ ಬರಲಿಲ್ಲ, ಹೊಲದ ದಾರಿಯಲ್ಲಿ ಬಂತು ಎಂಬುದು ನನ್ನ ವಾದ. 1966ರ ಬೀಜ ಕಾಯಿದೆಯ ನಂತರ ಬಿತ್ತನೆ ಬೀಜದ ಚೀಲದ ಬಾಯಿಗೆ ಚೀಟಿ ಸೇರಿಸಿ ಹೊಲಿಯುವುದು ರೂಢಿಯಾಯಿತು. ಮೂಲಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ. ನೂಲು ಬಿಚ್ಚದೆ ಚೀಟಿ ಬರುವುದಿಲ್ಲ, ಚೀಟಿ ಹರಿಯದೆ ಚೀಲ ತೆರೆಯುವುದಿಲ್ಲ. ನೀಲಿಚೀಟಿಯ ರಾಗಿ ಬೀಜ ತಂದ ರೈತ ಬೆಳೆ ಕೈಗೆ ಬರುವವರೆಗೆ ಆ ಚೀಟಿಯನ್ನು ಜೋಪಾನ ಮಾಡುತ್ತಿದ್ದ, ಅದೇ ಅವನ ರಸೀದಿ. ಮುಂದೆ ಕೂಪನ್ ಮಾಡಿದವರೆಲ್ಲ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಈ ಹೊಲಿಗೆಗೇ ಮರಳಿ ಬಂದಿದ್ದಾರೆ.

ಕಾನೂನು ಬಂತು, ಜಾಗ ಹೋಯಿತು

1977ರ ಪೊಟ್ಟಣ ಸಾಮಗ್ರಿ ನಿಯಮಗಳು ತೂಕ, ಬೆಲೆ, ತಿಂಗಳು, ತಯಾರಕರ ವಿಳಾಸ ಎಲ್ಲವನ್ನೂ ಚೀಲದ ಮೇಲೆ ತಂದವು. ಈಗ ಅವುಗಳ ಜಾಗದಲ್ಲಿ 2011ರ ನಿಯಮಗಳಿವೆ. ಅಕ್ಷರದ ಎತ್ತರವನ್ನೂ ಕಾನೂನೇ ಹೇಳುತ್ತದೆ. ಕಿಟಕಿ ಬೇಕೆನ್ನುವ ಮಾಲೀಕನಿಗೂ ಜಾಗ ಬೇಕೆನ್ನುವ ಕಾನೂನಿಗೂ ಒಂದೇ ಮುಂಬದಿ. ಈ ಜಗಳವನ್ನು ಬಗೆಹರಿಸುವವನನ್ನೇ ನಮ್ಮಲ್ಲಿ ಡಿಸೈನರ್ ಎಂದದ್ದು. ಬಣ್ಣ ಆರಿಸುವವನಿಗೆ ಆ ಹೆಸರು ಅಂಟಿದ್ದು ತೀರ ಈಚೆಗೆ.

ಅದೇ ಹೊತ್ತಿಗೆ ಮೈಸೂರಿನಲ್ಲಿ ಇನ್ನೊಂದು ಕೆಲಸ ನಡೆದಿತ್ತು. 1950ರಲ್ಲಿ ಆರಂಭವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, 1961ರ ರಕ್ಷಣಾ ಆಹಾರ ಪ್ರಯೋಗಾಲಯ, ಎರಡೂ ಕಡೆಯ ವಿಜ್ಞಾನಿಗಳು ತೇವ, ಬೆಳಕು, ಆಮ್ಲಜನಕಗಳಿಂದ ತಿನಿಸನ್ನು ಕಾಯುವುದು ಹೇಗೆಂದು ಹುಡುಕಿದರು. ಎಂಟಿಆರ್‌ನ ಬಿಸಿಮಾಡಿ ತಿನ್ನುವ ಪೊಟ್ಟಣಗಳಿಗೆ ತಂತ್ರಜ್ಞಾನ ಬಂದದ್ದು ಈ ರಕ್ಷಣಾ ಪ್ರಯೋಗಾಲಯದಿಂದಲೇ. ಆ ಪೊಟ್ಟಣಕ್ಕೆ ಕಿಟಕಿಯಿಲ್ಲ, ಇರಬಾರದು. ಕಾಫಿಪುಡಿಗೂ ಅಷ್ಟೆ. ಕಿಟಕಿಯಿಂದ ಒಳಗೆ ಹೋಗುವ ಬೆಳಕು ಪರಿಮಳವನ್ನು ತಿನ್ನುತ್ತದೆ. ಮಲ್ಲೇಶ್ವರದ ಅಂಗಡಿಯಲ್ಲಿ ಕಣ್ಣೆದುರೇ ಪುಡಿ ಮಾಡಿ ಕಂದು ಕವರಿಗೆ ತುಂಬಿಸಿಕೊಡುವವನಿಗೆ ಕಿಟಕಿ ಏಕೆ? ಕಾಫಿ ಚೀಲಕ್ಕೆ ಕಿಟಕಿ ಕೇಳುವ ಹೊಸ ಬ್ರಾಂಡ್‌ಗಳು ವಾರಕ್ಕೊಂದು ಬರುತ್ತವೆ. ಬೇಡವೆಂದು ಹೇಳಿ ಕಳಿಸಿದರೆ ಪಕ್ಕದ ಶೆಡ್ಡಿನಲ್ಲಿ ಮಾಡಿಸಿಕೊಳ್ಳುತ್ತವೆ.

ಡೈ ಕಟ್ಟಿದವರು

ಇನ್ನು ನನ್ನ ಕಾಲ. ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಬೇರೆ ಯಾರೂ ಬರೆಯುವುದಿಲ್ಲ.

ಚಿತ್ರದ ಮುದ್ರಣದಲ್ಲಿ ಶಿವಕಾಶಿಯನ್ನು ನಾವು ಎಂದೂ ಗೆದ್ದವರಲ್ಲ. ಆದರೆ 1980, 90ರ ದಶಕಗಳಲ್ಲಿ ಪೀಣ್ಯ, ದಾಸರಹಳ್ಳಿ, ಬಾಗಲಗುಂಟೆಯ ಸುತ್ತ ಬೆಳೆದದ್ದು ಬೇರೆ ವಿದ್ಯೆ. ಪೀಣ್ಯದ ತುಂಬ ಟೂಲ್ ರೂಂ, ಲೋಹದ ಕೆಲಸ. ಬಾಗಲಗುಂಟೆಯಲ್ಲಿ ಕಡಿಮೆ ಬಾಡಿಗೆಯ ಮನೆ, ಹಿತ್ತಲಿನ ಶೆಡ್ಡು. ಮರಗೆಲಸ ಬಲ್ಲವನೂ ಉಕ್ಕು ಬಗ್ಗಿಸಬಲ್ಲವನೂ ಒಂದೇ ಹೋಟೆಲಿನಲ್ಲಿ ಚಹಾ ಕುಡಿದರೆ ಡೈ ಹುಟ್ಟುತ್ತದೆ.

ಡೈ ಎಂದರೆ 18 ಮಿ.ಮೀ. ದಪ್ಪದ ಪ್ಲೈವುಡ್ಡಿನಲ್ಲಿ ಗೆರೆ ಕೊರೆದು, ಅದರಲ್ಲಿ 23.8 ಮಿ.ಮೀ. ಎತ್ತರದ ಉಕ್ಕಿನ ಪಟ್ಟಿ ಕೂರಿಸುವುದು. ಚೂಪು ಪಟ್ಟಿ ಕತ್ತರಿಸುತ್ತದೆ, ಮೊಂಡು ಪಟ್ಟಿ ಮಡಿಕೆ ಬೀಳಿಸುತ್ತದೆ, ಹಲ್ಲಿನ ಪಟ್ಟಿ ಹರಿಯಲು ಬರುವ ತೂತುಗಳ ಸಾಲು, ಅಂದರೆ ಪರ್ಫರೇಷನ್, ಮಾಡುತ್ತದೆ. ಲೇಸರ್ ಬರುವ ಮೊದಲು ಆ ಗೆರೆಯನ್ನು ಸಣ್ಣ ಗರಗಸದಿಂದ ಕೈಯಲ್ಲೇ ಕೊರೆಯುತ್ತಿದ್ದರು. ಗೆರೆ ಅರ್ಧ ಮಿ.ಮೀ. ತಪ್ಪಿದರೂ ಪೇಸ್ಟಿಂಗ್ ಹೆಂಗಸರ ಬಾಯಿಂದ ಬೈಗುಳ ಖಚಿತ.

ಕಿಟಕಿಯ ವ್ಯಾಕರಣವನ್ನು ನಮಗೆ ಯಾವ ಶಾಲೆಯೂ ಕಲಿಸಲಿಲ್ಲ, ಹಾಳಾದ ಚೀಲಗಳು ಕಲಿಸಿದವು. ಮೂಲೆ ಚೂಪಾಗಿರಬಾರದು; ಭಾರ ಬಿದ್ದಾಗ ಕಾಗದ ಅಲ್ಲಿಂದಲೇ ಬಾಯಿ ಬಿಡುತ್ತದೆ. ಹಾಗಾಗಿಯೇ ಎಲೆ, ಮಾವಿನಕಾಯಿ, ಮಡಕೆ, ಹಣತೆ. ಇವುಗಳಲ್ಲಿ ‘ದೇಸಿ ಸೌಂದರ್ಯಪ್ರಜ್ಞೆ’ ಕಂಡವರಿದ್ದಾರೆ. ನಮಗೆ ಕಂಡದ್ದು ದುಂಡು ಮೂಲೆ. ಪಕ್ಕದ ಮಡಿಕೆಗೆ ಕಿಟಕಿ ತಾಗಬಾರದು. ಕಿಟಕಿಗೆ ಒಳಗಿನಿಂದ ಅಂಟಿಸುವ ಪಾರದರ್ಶಕ ಫಿಲ್ಮಿನ ತುಂಡು ಕಿಟಕಿಗಿಂತ ಸುತ್ತಲೂ ಅಗಲವಿರಬೇಕು, ಇಲ್ಲದಿದ್ದರೆ ಅಂಟು ಹಿಡಿಯಲು ಜಾಗವಿರದು. ಮಳೆಗಾಲದಲ್ಲಿ ಕಾಗದ ತೇವ ಕುಡಿದು ಹಿಗ್ಗುತ್ತದೆ, ಫಿಲ್ಮ್ ಹಿಗ್ಗುವುದಿಲ್ಲ. ಜುಲೈನಲ್ಲಿ ಅಂಟಿಸಿದ ಕಿಟಕಿ ಮಾರ್ಚಿನಲ್ಲಿ ಸುಕ್ಕಾಗುವುದು ಅದಕ್ಕೇ.

ಕಿಟಕಿ ಎಂದರೆ ಪಾರದರ್ಶಕತೆ, ಪಾರದರ್ಶಕತೆ ಎಂದರೆ ಪ್ರಾಮಾಣಿಕತೆ ಎಂಬ ಭಾಷಣ ಈಗಿನ ಫ್ಯಾಷನ್ನು. ಕಿಟಕಿ ಕೊರೆದವನಿಗೆ ನಗು ಬರುತ್ತದೆ. ಲಾರಿಯ ಕುಲುಕಿಗೆ ಅವಲಕ್ಕಿ ಕುಸಿದು ಮೇಲೆ ನಾಲ್ಕು ಬೆರಳು ಖಾಲಿಯಾಗುತ್ತದೆ. ಆದ್ದರಿಂದ ಕಿಟಕಿಯ ಮೇಲಂಚು ಆ ಕುಸಿತಕ್ಕಿಂತ ಕೆಳಗಿರಬೇಕು ಎಂಬುದು ಮೊದಲ ಪಾಠ. ಪುಡಿಯೂ ನುಚ್ಚೂ ಇಳಿಯುವುದು ತಳಕ್ಕೆ, ಆದ್ದರಿಂದ ಕೆಳಂಚು ತಳಕ್ಕಿಂತ ಮೇಲಿರಬೇಕು. ಖಾಲಿಯನ್ನೂ ನುಚ್ಚನ್ನೂ ಮರೆಮಾಡಿ ನಡುವಿನದನ್ನಷ್ಟೇ ತೋರಿಸುವುದೇ ಕಿಟಕಿ. ಮುಚ್ಚುವ ಕೆಲಸ ಬಲ್ಲವನೇ ಒಳ್ಳೆಯ ಕಿಟಕಿ ಇಡಬಲ್ಲ.

ಕೂಪನ್ ಇನ್ನೂ ಸೂಕ್ಷ್ಮ. ಕಾಗದಕ್ಕೆ ಎಳೆಯ ದಿಕ್ಕಿದೆ. ಎಳೆಯ ಉದ್ದಕ್ಕೆ ಹರಿದರೆ ನೇರ, ಅಡ್ಡಕ್ಕೆ ಹರಿದರೆ ಊರೆಲ್ಲ ಸುತ್ತಿ ಬಹುಮಾನದ ಮೊತ್ತವನ್ನೇ ಎರಡು ಹೋಳು ಮಾಡುತ್ತದೆ. ‘ಮೂರು ಕಟ್, ಒಂದು ಬಿಡು’ ಎಂಬುದು ನಮ್ಮ ಶೆಡ್ಡಿನ ಸೂತ್ರ: ಮೂರು ಮಿ.ಮೀ. ಕತ್ತರಿಸಿದರೆ ಒಂದು ಮಿ.ಮೀ. ಹಾಗೇ ಇರಲಿ. ಸಡಿಲವಾದರೆ ದಾರಿಯಲ್ಲೇ ಉದುರುತ್ತದೆ, ಬಿಗಿಯಾದರೆ ಚೀಲವನ್ನೇ ಸೀಳುತ್ತದೆ. ಯಾರು ಕೀಳಬೇಕು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಹೊರಗೆ ಕಾಣುವ ಕೂಪನ್ ಮನೆ ಸೇರುವುದಿಲ್ಲ. ಗೋದಾಮಿನಲ್ಲೋ ಅಂಗಡಿಯಲ್ಲೋ ಯಾರದೋ ಜೇಬು ಸೇರುತ್ತದೆ. ಹಾಗಾಗಿ ಡಜನ್ ಕಟ್ಟಿನ ಮೇಲಿನದು ಅಂಗಡಿಯವನಿಗೆ, ಬಿಡಿ ಚೀಲದ್ದು ಸೀಲಿನ ಆಚೀಚೆ ಅರ್ಧರ್ಧ, ತೆರೆದವರಿಗೇ ಸಿಗುವ ಹಾಗೆ. ಬೀಜದ ಚೀಲದ ಹೊಲಿಗೆ ಇಲ್ಲಿ ಮತ್ತೆ ಕೆಲಸಕ್ಕೆ ಬಂತು.

ಕನ್ನಡವೂ ಇಲ್ಲೇ ಸಿಕ್ಕಿಬೀಳುತ್ತಿತ್ತು. ಇಂಗ್ಲಿಷಿನ ಸಾಲಿನ ಕೆಳಗೆ ಪರ್ಫರೇಷನ್ ಗೆರೆ ಆರಾಮವಾಗಿ ಹೋಗುತ್ತದೆ. ಕನ್ನಡದ ಸಾಲಿನ ಕೆಳಗೆ ಒತ್ತಕ್ಷರಗಳು ಕಾಲು ಚಾಚಿರುತ್ತವೆ. ಇಂಗ್ಲಿಷ್ ಮಾದರಿಯ ಅಂತರವನ್ನೇ ಇಟ್ಟು ಕೊರೆದ ಒಂದು ಡೈಯಲ್ಲಿ ‘ಅದೃಷ್ಟ’ದ ‘ಟ’ವತ್ತು ಚೀಲದಲ್ಲೇ ಉಳಿದು, ಗಿರಾಕಿಯ ಕೈಗೆ ‘ಅದೃಷ’ ಮಾತ್ರ ಬಂದಿತ್ತು. ತಪ್ಪು ನನ್ನದೇ. ಅಂದಿನಿಂದ ಕನ್ನಡದ ಸಾಲಿಗೆ ಎರಡು ಮಿ.ಮೀ. ಹೆಚ್ಚು ಬಿಡುತ್ತ ಬಂದಿದ್ದೇನೆ. ಎಷ್ಟೋ ಮಾಲೀಕರು ಆ ಎರಡು ಮಿ.ಮೀ. ಉಳಿಸಲು ಕನ್ನಡವನ್ನೇ ಕೈಬಿಟ್ಟರು. ಕಾನೂನು ಅವರ ಕಡೆಗಿತ್ತು, ಕೇಂದ್ರದ ನಿಯಮಕ್ಕೆ ಹಿಂದಿ ಅಥವಾ ಇಂಗ್ಲಿಷ್ ಇದ್ದರೆ ಸಾಕು.

ಕೊರೆಯದ ಕಿಟಕಿ

ಆಮೇಲೆ ಪೌಚ್ ಬಂತು, ನಮ್ಮ ವಿದ್ಯೆ ತಲೆಕೆಳಗಾಯಿತು. ಪ್ಲಾಸ್ಟಿಕ್ ಪದರದ ಪೌಚಿನಲ್ಲಿ ಕಿಟಕಿಯನ್ನು ಕೊರೆಯುವುದಿಲ್ಲ, ಶಾಯಿಯನ್ನು ಬಿಡುತ್ತಾರೆ. ಚಿತ್ರವನ್ನು ಪಾರದರ್ಶಕ ಫಿಲ್ಮಿನ ಒಳಮೈಗೆ ಹಿಂದುಮುಂದಾಗಿ ಅಚ್ಚು ಹಾಕಿ, ಹಿಂದೆ ಬಿಳಿ ಬಳಿಯುತ್ತಾರೆ. ಬಿಳಿ ಎಲ್ಲಿಲ್ಲವೋ ಅದೇ ಕಿಟಕಿ. ಒಂದೊಂದು ಬಣ್ಣಕ್ಕೂ ಒಂದೊಂದು ಗ್ರಾವ್ಯೂರ್ ಸಿಲಿಂಡರ್, ತಾಮ್ರದ ಮೇಲೆ ಕೆತ್ತಿ ಕ್ರೋಮ್ ಲೇಪಿಸಿದ್ದು. ಆಕಾರ ಬದಲಾಯಿಸಬೇಕೆಂದರೆ ನಮ್ಮ ಡೈಯಂತೆ ಪಟ್ಟಿ ಕಿತ್ತು ಬಗ್ಗಿಸಿದರಾಗದು, ಸಿಲಿಂಡರನ್ನೇ ಹೊಸದಾಗಿ ಕೆತ್ತಿಸಬೇಕು. ಲಕ್ಷಗಟ್ಟಲೆ ಪೌಚ್ ಬೇಕಾದವರಿಗೆ ಅದು ಸಲೀಸು. ಸಾವಿರ ಚೀಲದ ಚಕ್ಕುಲಿ ಮಾಡುವವರಿಗೆ ಇಂದಿಗೂ ಡೈಯೇ ಗತಿ. ಈ ಎರಡನೆಯವರ ಲೆಕ್ಕ ಯಾವ ಉದ್ಯಮ ವರದಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಈ ಹಾದಿಯ ತುದಿಯಲ್ಲಿರುವುದು ಅಕ್ಕಿ ಚೀಲ. ಯಶವಂತಪುರದ ಎಪಿಎಂಸಿ ಯಾರ್ಡಿಗೆ ಗಂಗಾವತಿ, ಸಿಂಧನೂರು ಕಡೆಯಿಂದ ಬರುತ್ತಿದ್ದ ಗೋಣಿಯ ಜಾಗವನ್ನು ಈ ಶತಮಾನದಲ್ಲಿ ಬಿಒಪಿಪಿ ಎಂಬ ಪ್ಲಾಸ್ಟಿಕ್ ಫಿಲ್ಮ್ ಹಚ್ಚಿದ ನೇಯ್ಗೆ ಚೀಲ ಆಕ್ರಮಿಸಿತು. ಅದರಲ್ಲಿ ಬಣ್ಣದ ಪಟ್ಟಿಯ ನಡುವೆ ಬಿಡುವ ಪಾರದರ್ಶಕ ಜಾಗವೇ ಕಿಟಕಿ. ಆದರೂ ಯಾರ್ಡಿನ ವ್ಯಾಪಾರಿ ಕಿಟಕಿಯನ್ನು ನಂಬುವುದಿಲ್ಲ; ಮೊನೆಯ ಕೊಳವೆ ಚುಚ್ಚಿ ಅಂಗೈ ಮೇಲೆ ಅಕ್ಕಿ ಸುರಿದುಕೊಂಡೇ ನೋಡುತ್ತಾನೆ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ ಲೇಬಲ್ ಹಚ್ಚಿದ ಪೊಟ್ಟಣಕ್ಕೆ ಶೇ 5 ಜಿಎಸ್‌ಟಿ ಬಂದಾಗ, ಅಂಗಡಿಗಳಲ್ಲಿ 26 ಕೆ.ಜಿ. ಚೀಲ ಕಾಣಿಸಿಕೊಂಡಿತು. ಒಂದು ಅಂಕಿಯ ಬದಲಾವಣೆ. ಆದರೆ ಚೀಲ ಉದ್ದವಾಗಬೇಕು, ಕುಸಿತದ ಗೆರೆ ಸರಿಯುತ್ತದೆ, ಜೊತೆಗೆ ಕಿಟಕಿಯೂ ಸರಿಯಬೇಕು. ಪತ್ರಿಕೆಗಳು ತೆರಿಗೆಯ ಬಗ್ಗೆ ಬರೆದವು, ಕಿಟಕಿಯ ಬಗ್ಗೆ ಯಾರೂ ಬರೆಯಲಿಲ್ಲ.

ಉಳಿದ ಪ್ರಶ್ನೆಗಳು

2016ರ ಮಾರ್ಚಿನಲ್ಲಿ ಕರ್ನಾಟಕ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದ ಮೇಲೆ ಕಾಗದದ ಚೀಲ ಕೇಳಿಕೊಂಡು ಬಂದವರ ಸಾಲು ನಮ್ಮ ಬೀದಿಯಲ್ಲಿ ದೊಡ್ಡದಾಯಿತು. ಆದರೆ ಕಿಟಕಿಗೆ ಫಿಲ್ಮ್ ಅಂಟಿಸಿದ ಚೀಲವನ್ನು ಒಣಕಸದ ಕೇಂದ್ರದಲ್ಲಿ ಎಲ್ಲಿ ಹಾಕಬೇಕು? ಕಾಗದದವನಿಗೆ ಅದು ಪ್ಲಾಸ್ಟಿಕ್, ಪ್ಲಾಸ್ಟಿಕ್‌ನವನಿಗೆ ಅದು ಕಾಗದ. ಫಿಲ್ಮನ್ನು ಎರಡು ಚುಕ್ಕೆ ಅಂಟಿನಲ್ಲಿ ನಿಲ್ಲಿಸಿ, ಕೂಪನ್ನಿನಂತೆಯೇ ಒಂದೇ ಎಳೆತಕ್ಕೆ ಕಿತ್ತು ಬರುವಂತೆ ಮಾಡಬಹುದು. ಅದಕ್ಕೆ ಬೇಕಾದ ಡೈ ನಮ್ಮ ಕೈಯಲ್ಲೇ ಇದೆ. ಕೇಳಿಕೊಂಡು ಬಂದ ಗಿರಾಕಿ ಇನ್ನೂ ಇಲ್ಲ.

ರಾಜ್ಯದಲ್ಲಿ ತಯಾರಾಗುವ ಸಾಮಗ್ರಿಗಳ ಮೇಲೆ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು 2025ರ ಫೆಬ್ರುವರಿಯಲ್ಲಿ ಸರ್ಕಾರ ಆದೇಶಿಸಿತು. ಸಂತೋಷ. ಆದರೆ ಒತ್ತಕ್ಷರಕ್ಕೆ ಎಷ್ಟು ಜಾಗ, ಮಡಿಕೆಯಿಂದ ಎಷ್ಟು ದೂರ ಎಂದು ಕಲಿಸುವ ಕನ್ನಡ ಪುಸ್ತಕ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ಅದನ್ನು ಬಲ್ಲವರಲ್ಲಿ ಹೆಚ್ಚಿನವರಿಗೆ ಈಗ ಅರವತ್ತು ದಾಟಿದೆ. ಬಹುಮಾನದ ಕೂಪನ್ನಿನ ಜಾಗಕ್ಕೆ ಕ್ಯೂಆರ್ ಕೋಡ್ ಬರುತ್ತಿದೆ. ಅದನ್ನು ಕೀಳಬೇಕಿಲ್ಲ, ಮೊಬೈಲು ತೋರಿಸಿದರೆ ಮುಗಿಯಿತು.

ಚಿತ್ರ ಬರೆದವನ ಲೇಬಲ್ಲು ಚಪ್ಪಟೆ, ಕಡತದಲ್ಲಿ ಇಡಬಹುದು. ಡೈ ಹಾಗಲ್ಲ. ನಮ್ಮ ಬೀದಿಯಲ್ಲಿ ಶೆಡ್ಡು ಮುಚ್ಚಿದಾಗಲೆಲ್ಲ ಉಕ್ಕಿನ ಪಟ್ಟಿ ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗುತ್ತದೆ, ಪ್ಲೈವುಡ್ಡು ನೀರೊಲೆಗೆ. ನನ್ನಲ್ಲಿ ಇನ್ನೂರಕ್ಕೂ ಹೆಚ್ಚು ಡೈಗಳಿವೆ. ಒಂದೊಂದರ ಬೆನ್ನ ಮೇಲೂ ಸಾಮಾನಿನ ಹೆಸರು, ಕೊರೆದ ವರ್ಷ, ಕೊರೆದವನ ಹೆಸರು ಬರೆಯಲು ಈ ಯುಗಾದಿಯಿಂದ ಶುರುಮಾಡಿದ್ದೇನೆ. ಪ್ರದರ್ಶನದವರು ಮತ್ತೆ ಬಂದರೆ ಮೊದಲು ಆ ಅವಲಕ್ಕಿ ಚೀಲವನ್ನೇ ಕೊಡುತ್ತೇನೆ. ಯಾವುದೋ ಮನೆಯಲ್ಲಿ ಯಾರೋ ಕೂಪನ್ ಕಿತ್ತುಕೊಂಡಿದ್ದಾರೆ. ಅಂಚು ನೇರವಾಗಿ ಬಂದಿದೆ.